ಗಾರ್ಡನ್‌ನ ಜಿಂಕೆಯೂ ನನ್ನ ಗಂಟಲೂ

ಧಾರವಾಡಕ್ಕೆ ಮರಳಿದ ಮೇಲೆ ಭೇಟಿಯಾದವರೆಲ್ಲ ಕೇಳಿದ್ದು ಒಂದೇ: ‘ನಯಾಗರಾ ನೋಡಿದ್ರೇನ್ರೀ ಟೀಚರ್?’ ನೋಡಲಿಲ್ಲ. ಅದಕ್ಕೆಂದು ಇಟ್ಟುಕೊಂಡಿದ್ದ ವಾರವನ್ನು ನಾನು ಟೊರೊಂಟೊ ಪಕ್ಕದ ಒಂದು ಕಾಡಿನ ಕೆಸರಿನಲ್ಲಿ, ಹೊಡೆದ ಜಿಂಕೆಯನ್ನು ಹೇರಿಕೊಂಡು ಬರಲು ಮಾಡಿದ ಕಬ್ಬಿಣದ ತೊಟ್ಟಿಯಲ್ಲಿ ಕುಳಿತು ಕಳೆದೆ. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ನೀರು ಕುಡಿಯದ ಮನೆತನದವಳು ನಾನು. ಕೇಳಿದವರು ನಗುತ್ತಾರೆ. ನಗಲಿ, ಅವರ ಸೊಂಟಕ್ಕೆ ಏನೂ ಆಗಿಲ್ಲವಲ್ಲ.

ಕರೆಸಿಕೊಂಡವನು ನನ್ನ ತಮ್ಮ ಬಸವರಾಜ. ಮನೆಯವರಿಗೆ ಬಸು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು ಹನ್ನೊಂದು ವರ್ಷದ ಹಿಂದೆ ಕೆನಡಾಕ್ಕೆ ಹೋದ. ಈಗ ಸ್ಕಾರ್‌ಬರೋದಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ, ಪಕ್ಕದ ಪಿಕರಿಂಗ್‌ನಲ್ಲಿ ಮನೆ ಮಾಡಿದ್ದಾನೆ. ನಾನು ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಹರಟುತ್ತಿದ್ದ ಹುಡುಗಿಯರು ಓಡಿ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ನಮ್ಮ ಮನೆಯವರು, ಬಸು ಮಾಮಾ ಎಂದು ಕರೆಯುತ್ತಿದ್ದವರು, ತೀರಿಕೊಂಡರು. ಬಸು ಬರಲಿಲ್ಲ. ರಜೆ ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಿದ. ಆಮೇಲೆ ಎರಡು ಸಲ ಊರಿಗೆ ಬಂದುಹೋದ, ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನಾನು ಒಂದು ದಿನವೂ ಅದನ್ನು ಮರೆತಿರಲಿಲ್ಲ. ಅವನ ಮನೆಯ ಮೆತ್ತನೆಯ ಸೋಫಾದ ಮೇಲೆ ಕೂತಾಗಲೂ ಅದು ನನ್ನ ಜೊತೆಗೇ ಕೂತಿತ್ತು.

ಭಾನುವಾರ, ಪಿಕರಿಂಗ್

ನವೆಂಬರಿನಲ್ಲಿ ಒಂದು ವಾರ ರಜೆ ಹಾಕಿದ್ದೇನೆ ಎಂದು ಬಸು ಮೊದಲೇ ಹೇಳಿದ್ದ. ನನ್ನನ್ನು ತಿರುಗಾಡಿಸಲು ಎಂದು ನಾನು ತಿಳಿದುಕೊಂಡೆ, ಯಾರಾದರೂ ಹಾಗೇ ತಿಳಿದುಕೊಳ್ಳುತ್ತಾರೆ. ಭಾನುವಾರ ಸಂಜೆ ನನ್ನ ಕೈಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಒಂದು ಅಂಗಿಯನ್ನೂ ಅದೇ ಬಣ್ಣದ ಟೊಪ್ಪಿಗೆಯನ್ನೂ ಕೊಟ್ಟ.

‘ಅಕ್ಕಾ, ನಾಳೆ ಮುಂಜಾನೆ ಐದಕ್ಕ ಏಳಬೇಕ ನೋಡ. ಗಾರ್ಡನ್‌ನ್ನ ಜಿಂಕಿ ಬೇಟಿಗೆ ಕರಕೊಂಡ ಹೋಗೂದೈತಿ.’

ಗಾರ್ಡನ್ ಎಂದರೆ ಯಾರು ಎಂದು ಆಮೇಲೆ ಬಿಡಿಸಿ ಹೇಳಿದ. ಎಪ್ಪತ್ತೆಂಟು ವರ್ಷದ ಮುದುಕ. ಪ್ಲಂಬರ್ ಆಗಿದ್ದವನು, ಹೆಂಡತಿ ಇಲ್ಲ, ಸ್ಕಾರ್‌ಬರೋದಲ್ಲಿ ಒಬ್ಬನೇ ಇದ್ದಾನೆ. ಬಸು ಮೊದಲ ನಾಲ್ಕು ವರ್ಷ ಬಾಡಿಗೆಗಿದ್ದದ್ದು ಅವನ ಮನೆಯ ಬೇಸ್‌ಮೆಂಟಿನಲ್ಲಿ. ಹಿಮದಲ್ಲಿ ಗಾಡಿ ಓಡಿಸುವುದನ್ನು ಕಲಿಸಿದವನೂ ಅವನೇ. ಈ ಗಾರ್ಡನ್ ನಲವತ್ತು ವರ್ಷದಿಂದ ಪಿಕರಿಂಗ್‌ನಿಂದ ಮುಕ್ಕಾಲು ತಾಸು ಉತ್ತರಕ್ಕಿರುವ ಒಂದು ಹೊಲದ ಹಿಂದಿನ ಕಾಡಿನಲ್ಲಿ, ಒಂದೇ ಜಾಗದಲ್ಲಿ ಕೂತು, ವರ್ಷಕ್ಕೊಂದು ಜಿಂಕೆ ಹೊಡೆಯುತ್ತಾನೆ. ಚಳಿಗಾಲವೆಲ್ಲ ಅದೇ ಅವನ ಊಟ. ಹೋದ ವರ್ಷ ಸೊಂಟದ ಆಪರೇಷನ್ ಆಯಿತು, ಹೋಗಲಾಗಲಿಲ್ಲ. ಈ ವರ್ಷ ಆ ಹೊಲ ಮಾರಾಟವಾಗಿದೆ, ಬರುವ ಬೇಸಿಗೆಗೆ ಅಲ್ಲಿ ಮನೆಗಳ ಸಾಲು ಏಳುತ್ತದೆ. ಬೇಟೆಗೆ ಅನುಮತಿ ಇರುವುದು ಈ ಒಂದು ವಾರ, ಶನಿವಾರದ ಸೂರ್ಯಾಸ್ತದವರೆಗೆ. ಅಷ್ಟರಲ್ಲಿ ಸಿಕ್ಕರೆ ಅವನ ಜಾಗದ ಕೊನೆಯ ಜಿಂಕೆ. ಇಲ್ಲದಿದ್ದರೆ ಇಲ್ಲ.

‘ಬ್ಯಾರೆ ಕಡೆ ಜಿಂಕಿ ಇಲ್ಲೇನು?’ ಎಂದೆ.

‘ಅದಾವ. ಅವಂಗ ಅಲ್ಲೀದ ಬೇಕು.’

‘ನಿನಗೇನ ಸಂಬಂಧ? ನೀ ಬಂದೂಕ ಹಿಡಿದವನಲ್ಲ, ಮಾಂಸ ತಿನ್ನಾವನಲ್ಲ.’

‘ರಸ್ತೇದಿಂದ ಆ ಜಾಗಾಕ್ಕ ಕೆಸರಿನ್ಯಾಗ ಎರಡ ಕಿಲೋಮೀಟರ್ ನಡೀಬೇಕು. ಅವನ ಕಡಿಂದ ಆಗೂದಿಲ್ಲ. ಅದಕ್ಕ ನಾ ಒಂದ ಸೆಕೆಂಡ್ ಹ್ಯಾಂಡ್ ಎಟಿವಿ ತಗೊಂಡೇನಿ.’

ಅವನ ಹೆಂಡತಿ ಸುಮಾ ಒಲೆಯ ಮುಂದಿನಿಂದಲೇ ನನ್ನನ್ನು ನೋಡಿದಳು. ‘ನಂದೂ ಈ ವೀಕ್ ಎಲ್ಲಾ ಮಾರ್ನಿಂಗ್ ಶಿಫ್ಟ್ ಐತ್ರೀ ಅಕ್ಕಾರ. ಮನ್ಯಾಗ ಒಬ್ರ ಏನ್ ಮಾಡ್ತೀರಿ? ಹೋಗಿ ಬರ್ರಿ, ಔಟಿಂಗ್ ಆದಂಗ ಆಗ್ತೈತಿ.’ ಔಟಿಂಗ್ ಎಂಬ ಶಬ್ದದ ಮೇಲೆ ನನಗೆ ಆವತ್ತಿನಿಂದ ಸಿಟ್ಟು.

ಸೋಮವಾರ, ಕಾಡು

ಎಟಿವಿ ಎಂದರೆ ನಾಲ್ಕು ಡೊಳ್ಳುಗಾಲಿ, ಬೈಕಿನ ಹ್ಯಾಂಡಲ್ಲು, ಹಿಟ್ಟಿನ ಗಿರಣಿಯ ಸದ್ದು. ಎಂಥ ಕೆಸರು, ಎಂಥ ಕಲ್ಲಿದ್ದರೂ ಹತ್ತಿ ಇಳಿದು ಹೋಗುತ್ತದೆ. ಕೂತವರು ಏನಾಗುತ್ತಾರೆ ಎಂದು ಮಾತ್ರ ಅದನ್ನು ಮಾಡಿದವರು ಯೋಚಿಸಿದ ಹಾಗಿಲ್ಲ. ಮುಂದೆ ಬಸು, ಅವನ ಬೆನ್ನಿಗೆ ಗಾರ್ಡನ್, ಹಿಂದೆ ಕೊಂಡಿ ಹಾಕಿದ ತೊಟ್ಟಿಯಲ್ಲಿ ಮಡಚುವ ಕುರ್ಚಿ, ಕಾಫಿ ಫ್ಲಾಸ್ಕು ಮತ್ತು ನಾನು. ನಮ್ಮೂರಲ್ಲಿ ಚಕ್ಕಡಿಯಲ್ಲಿ ಕೂತರೂ ಹುಲ್ಲು ಹಾಸಿ ಕೊಡುತ್ತಾರೆ. ಇಲ್ಲಿ ತಲೆಗೆ ಹೆಲ್ಮೆಟ್ ಕೊಟ್ಟರು, ಕೆಳಗೆ ಏನೂ ಇಲ್ಲ.

ಹೊರಡುವ ಮೊದಲೇ ಒಂದು ತೊಂದರೆ ಆಯಿತು. ಹೊಲದ ಹಳೆಯ ಶೆಡ್ಡಿನ ಮುಂದೆ ಗಾರ್ಡನ್ ನನ್ನ ಕೈ ಕುಲುಕಿದ. ಎತ್ತರದ, ಬತ್ತಿದ ಮನುಷ್ಯ, ಮಾತು ಮೆಲ್ಲಗೆ. ಬಸು ಕರೆಯುವುದನ್ನು ಕೇಳಿ ನನ್ನ ಹೆಸರೇ ಅಕ್ಕ ಎಂದುಕೊಂಡು ‘ಗುಡ್ ಮಾರ್ನಿಂಗ್, ಅಕ್ಕ’ ಎಂದ. ಆಮೇಲೆ ಮೂಗನ್ನು ಸ್ವಲ್ಪ ಎತ್ತಿ, ಬಸುವಿನ ಕಡೆ ತಿರುಗಿ, ನನಗೆ ಕೇಳಿಸಬಾರದು ಎನ್ನುವ ಹಾಗೆ ಏನೋ ಕೇಳಿದ. ನನಗೆ ಕೇಳಿಸಿತು. ನನ್ನ ಜಾಕೆಟ್ಟು ಒಗ್ಗರಣೆ ನಾರುತ್ತಿತ್ತು.

ಸುಮಾಳ ಮನೆಯಲ್ಲಿ ಜಾಕೆಟ್ಟುಗಳ ಗೂಟ ಅಡಿಗೆಮನೆಯ ಬಾಗಿಲ ಪಕ್ಕದಲ್ಲೇ ಇದೆ. ಚಳಿಗೆ ಕಿಟಕಿ ತೆಗೆಯುವಂತಿಲ್ಲ. ಮೂರು ವಾರದ ಇಂಗು, ಬೆಳ್ಳುಳ್ಳಿ, ಸಾಸಿವೆ ಎಲ್ಲ ಅದರ ಹತ್ತಿಯೊಳಗೆ ಹೋಗಿ ಕೂತಿತ್ತು. ಗಾರ್ಡನ್ ತನ್ನ ಬಟ್ಟೆಯನ್ನು ವಾಸನೆಯೇ ಇಲ್ಲದ ಸೋಪಿನಲ್ಲಿ ಒಗೆದು ವಾರವಿಡೀ ಹಿತ್ತಲ ಮರಕ್ಕೆ ನೇತುಹಾಕಿದ್ದನಂತೆ. ನಾವು ನಿನ್ನೆ ಏನು ಉಂಡೆವೆಂಬುದು ಜಿಂಕೆಗೆ ಅರ್ಧ ಮೈಲಿನಿಂದ ತಿಳಿಯುತ್ತದಂತೆ. ನಾನು ಬದನೆಕಾಯಿ ಪಲ್ಯ ಉಂಡಿದ್ದೆ. ಅದನ್ನು ಕಾಡಿಗೆಲ್ಲ ಸಾರಿದ ಹಾಗಾಯಿತು.

ಇಷ್ಟಾದ ಮೇಲೆ ಬಸು ತನ್ನ ಪಾಲಿನದನ್ನು ಮಾಡಿದ. ಗಾರ್ಡನ್ ಕೂರುವ ಜಾಗ ಬಯಲಿನ ಅಂಚಿನಲ್ಲಿರುವ ಹಲಗೆಯ ಒಂದು ಗೂಡು. ಅದರ ಮುಂದೆ ಬಸು ಗಾಡಿಯನ್ನು ಬಸ್‌ಸ್ಟಾಪಿಗೆ ತರುವ ಹಾಗೆ ನಿಧಾನಕ್ಕೆ ತಂದು, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಇಳಿದು, ಮುದುಕನ ತೋಳು ಹಿಡಿದು ಇಳಿಸಿ, ಅವನು ಗೂಡಿನಲ್ಲಿ ಸರಿಯಾಗಿ ಕೂತನೋ ಇಲ್ಲವೋ ಎಂದು ಬಗ್ಗಿ ನೋಡಿ, ಕುರ್ಚಿಯನ್ನು ಎರಡು ಸಲ ಸರಿಸಿ ಬಂದ. ಅಷ್ಟರಲ್ಲಿ ಬಯಲಿನ ಆಚೆ ಎರಡು ಬಿಳಿ ಬಾಲ ಎದ್ದವು, ಹೋದವು. ಗಾರ್ಡನ್‌ನ ಬಂದೂಕು ಇನ್ನೂ ಪೆಟ್ಟಿಗೆಯಲ್ಲಿತ್ತು. ಗಾಡಿಯ ಮೇಲಿರುವಾಗ ಗುಂಡು ತುಂಬಬಾರದು, ಪೆಟ್ಟಿಗೆಯಿಂದ ತೆಗೆಯಬಾರದು, ಅದು ಅಲ್ಲಿಯ ಕಾನೂನು. ಜಿಂಕೆಗಳಿಗೂ ಅದು ಗೊತ್ತಿದ್ದ ಹಾಗೆ ಕಾಣುತ್ತಿತ್ತು, ಏನೂ ಅವಸರ ಮಾಡದೆ ಹೋದವು.

ಆವತ್ತು ರಾತ್ರಿಯಿಂದ ನಮ್ಮ ಜಾಕೆಟ್ಟುಗಳು ಒಣ ಎಲೆ ತುಂಬಿದ ಚೀಲದಲ್ಲಿ, ಹೊರಗೆ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ. ಮನೆಯಲ್ಲಿ ಶನಿವಾರದವರೆಗೆ ಒಗ್ಗರಣೆ ಬಂದ್. ಒಗ್ಗರಣೆ ಇಲ್ಲದ ಬೇಳೆಸಾರನ್ನು ನೀವು ತಿಂದಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೂ ಅದನ್ನು ಕೊಡಬಾರದು.

ಬುಧವಾರ, ಶೆಡ್ಡಿನ ಮುಂದೆ

ಮಂಗಳವಾರವೂ ಬಸು ಗಾಡಿ ನಿಲ್ಲಿಸಿದ, ಮಂಗಳವಾರವೂ ಬಾಲಗಳು ಎದ್ದು ಹೋದವು. ಬುಧವಾರ ಬೆಳಿಗ್ಗೆ ಗಾರ್ಡನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದ. ಜಿಂಕೆಗೆ ಗಾಡಿಯ ಭಯವಿಲ್ಲ, ಹೊಲದ ಟ್ರ್ಯಾಕ್ಟರನ್ನು ಅದು ಹುಟ್ಟಿದಾಗಿನಿಂದ ನೋಡಿದೆ. ಅದಕ್ಕೆ ಭಯ ಗಾಡಿ ನಿಂತರೆ. ನಿಂತರೆ ಯಾರೋ ಇಳಿದರು ಎಂದು ತಿಳಿಯುತ್ತದೆ. ಹಾಗಾಗಿ ಗಾಡಿ ನಿಲ್ಲಲೇಬಾರದು, ನಡಿಗೆಯ ವೇಗದಲ್ಲಿ ಹೋಗುತ್ತಿರುವಾಗಲೇ ತಾನು ಇಳಿದುಕೊಳ್ಳುತ್ತೇನೆ. ನೀವಿಬ್ಬರೂ ಜೋರಾಗಿ ಮಾತಾಡುತ್ತ ಗೇಟಿನವರೆಗೆ ಹೋಗಿ. ಮನುಷ್ಯರ ದನಿ ದೂರವಾಗುವುದನ್ನು ಕೇಳಿ ಜಿಂಕೆ ಎಲ್ಲರೂ ಹೋದರು ಎಂದುಕೊಂಡು ಹೊರಗೆ ಬರುತ್ತದೆ. ‘ಡೋಂಟ್ ಸ್ಟಾಪ್. ಅಂಡ್ ಡೋಂಟ್ ಸ್ಟಾಪ್ ಟಾಕಿಂಗ್’ ಎಂದ.

ಬಸು ಕಕ್ಕಾಬಿಕ್ಕಿಯಾದ. ಪ್ಯಾಸೆಂಜರ್ ಇಳಿಯುವಾಗ ಗಾಡಿ ಚಲಿಸಿದರೆ ಅವನ ಕೆಲಸ ಹೋಗುತ್ತದೆ. ವರ್ಷಗಟ್ಟಲೆ ಮೈಗೆ ಹತ್ತಿದ ಅಭ್ಯಾಸ, ಯಾರಾದರೂ ಅಲುಗಾಡಿದರೆ ಸಾಕು ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅದನ್ನು ಬಿಡಿಸಲು ಶೆಡ್ಡಿನ ಮುಂದೆ ಪ್ರಾಕ್ಟೀಸ್ ಮಾಡಬೇಕಾಯಿತು. ಗಾರ್ಡನ್‌ನ ಹೊಸ ಸೊಂಟವನ್ನು ಪ್ರಾಕ್ಟೀಸಿಗೆ ಬಳಸುವಂತಿಲ್ಲ. ಹಾಗಾಗಿ ಗಾರ್ಡನ್ ಆದವಳು ನಾನು.

ಗಾಡಿಯ ಸೀಟಿನ ಎತ್ತರಕ್ಕೆ ಹುಲ್ಲಿನ ಪೆಂಡಿಗಳನ್ನು ಪೇರಿಸಿದರು. ಗಾಡಿ ಅದರ ಪಕ್ಕ ಹಾಯುವಾಗ ನಾನು ಸೀಟಿನಿಂದ ಪೆಂಡಿಯ ಮೇಲೆ ಜಾರಿ ಕೂರಬೇಕು. ಮೊದಲ ಸಲ ಬಸು ನಿಲ್ಲಿಸಿದ. ಎರಡನೆಯ ಸಲವೂ ನಿಲ್ಲಿಸಿದ. ಮೂರನೆಯ ಸಲ ನಿಲ್ಲಿಸುತ್ತಾನೆಂದು ನಂಬಿ ನಾನು ನಿಧಾನ ಮಾಡಿದೆ, ಅವನು ನಿಲ್ಲಿಸಲಿಲ್ಲ, ಪೆಂಡಿ ದಾಟಿಹೋದ ಮೇಲೆ ನಾನು ಜಾರಿದೆ. ಕೆಸರು ತಣ್ಣಗಿತ್ತು. ಅರವತ್ತೊಂದು ವರ್ಷದ ನಿವೃತ್ತ ಶಿಕ್ಷಕಿ ಪರದೇಶದ ಹೊಲದಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದೇನೆ, ತಮ್ಮ ಗಾಡಿಯನ್ನು ಇಪ್ಪತ್ತು ಮಾರು ಮುಂದಕ್ಕೆ ಒಯ್ದು ‘ಈಗ ಸರಿ ಆತು ನೋಡ ಅಕ್ಕಾ’ ಎನ್ನುತ್ತಿದ್ದಾನೆ. ಗಾರ್ಡನ್ ಚಪ್ಪಾಳೆ ತಟ್ಟಿದ.

ಸಂಜೆಯ ಹೊತ್ತಿಗೆ ಗೂಡಿನ ಮುಂದೆಯೂ ಪೆಂಡಿಗಳು ಬಂದವು. ಗಾರ್ಡನ್ ಬಂದೂಕಿನ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ನನಗಿಂತ ಚೆನ್ನಾಗಿ ಜಾರಿ ಇಳಿದುಕೊಂಡ. ಗಾಡಿ ನಿಲ್ಲಲಿಲ್ಲ. ಇನ್ನು ಮಾತಾಡಬೇಕಿತ್ತು. ಗೇಟಿನವರೆಗೆ ಹದಿನೈದು ನಿಮಿಷದ ದಾರಿ. ಬಸು ಮುಂದೆ ನೋಡುತ್ತ ಓಡಿಸಿದ, ನಾನು ಹಿಂದೆ ಕೂತು ಮರಗಳನ್ನು ನೋಡಿದೆ. ‘ಚಳಿ ಐತಲ್ಲ’ ಎಂದ. ‘ಹ್ಞೂಂ, ಐತಿ’ ಎಂದೆ. ಅಷ್ಟೇ.

ಕತ್ತಲಾದ ಮೇಲೆ ಕರೆದುಕೊಂಡು ಬರಲು ಹೋದಾಗ ಗಾರ್ಡನ್ ಕೇಳಿದ: ‘ನೀವು ಮಾತಾಡಲೇ ಇಲ್ಲವಲ್ಲ. ಅಕ್ಕ ತಮ್ಮ ಅಲ್ಲವೇ? ಮಾತಾಡಲು ಏನೂ ಇಲ್ಲವೇ ನಿಮಗೆ?’ ಅವನು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

ಗುರುವಾರ, ಶುಕ್ರವಾರ

ಗುರುವಾರ ಮಾತಿಗೆ ಏನಾದರೂ ಇರಲಿ ಎಂದು ನಾನು ತಯಾರಾಗಿ ಹೋದೆ. ಗಾರ್ಡನ್ ಇಳಿದ ಕೂಡಲೇ ಹದಿನೇಳರ ಮಗ್ಗಿಯಿಂದ ಶುರು ಮಾಡಿದೆ. ಹತ್ತೊಂಬತ್ತರ ಮಗ್ಗಿ ಅರ್ಧಕ್ಕೆ ನಿಂತಿತು. ಆಮೇಲೆ ಬಾಯಿಗೆ ತಾನಾಗಿ ಬಂದದ್ದು ಸಾವಧಾನ್, ವಿಶ್ರಾಮ್, ದಾಹಿನೇ ಮುಡ್. ಮೈದಾನದ ದನಿಯಲ್ಲೇ ಕೂಗಿದೆ, ಕಾಡೆಲ್ಲ ಕೇಳಿಸಿತು. ಕರೆತರಲು ಹೋದಾಗ ಗಾರ್ಡನ್ ಬಹಳ ಮರ್ಯಾದೆಯಿಂದ ಹೇಳಿದ: ಒಂದು ಗಂಡು ಜಿಂಕೆ ಬಯಲಿನ ಅಂಚಿಗೆ ಬಂದಿತ್ತು, ಆದರೆ ಆ ದನಿ ಯಾರೋ ಹೋಗುತ್ತಿರುವ ಹಾಗೆ ಕೇಳಿಸಲಿಲ್ಲ, ಯಾರೋ ದಂಡೆತ್ತಿ ಬರುತ್ತಿರುವ ಹಾಗಿತ್ತು. ಜಿಂಕೆ ಮರಳಿ ಒಳಗೆ ಹೋಯಿತು. ವಾಪಸು ಬರುವಾಗ ಗಾಡಿ ಹಳ್ಳದಲ್ಲಿ ಹೂತುಕೊಂಡಿತು. ಎಂಥ ಕೆಸರಿನಲ್ಲೂ ಹೋಗುವ ಗಾಡಿಯನ್ನು ಮೂವರೂ ಸೇರಿ, ಮರಕ್ಕೆ ಹಗ್ಗ ಕಟ್ಟಿ, ಒಂದು ತಾಸು ಎಳೆದೆವು.

ಅದರ ಫಲ ಶುಕ್ರವಾರ ಕಂಡಿತು. ಹಿಮ ಬೆರೆತ ಮಳೆ. ಗಾರ್ಡನ್‌ಗೆ ಕಾಲೆತ್ತಿ ಗಾಡಿಯ ಮೇಲೆ ಹಾಕಲು ಆಗಲಿಲ್ಲ. ಎರಡು ಸಲ ನೋಡಿದ, ಮೂರನೆಯ ಸಲಕ್ಕೆ ಹ್ಯಾಂಡಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಕಣ್ಣು ಮುಚ್ಚಿಕೊಂಡಿದ್ದ. ಆ ದಿನ ಪೂರ್ತಿ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತೆವು, ಅವನು ಗಾಜಿನಾಚೆ ಕಾಡನ್ನು ನೋಡುತ್ತಿದ್ದ. ಬಸುವಿನ ಮುಖ ನೋಡಲಾಗುತ್ತಿರಲಿಲ್ಲ. ತನ್ನದೇ ಸೊಂಟ ಮುರಿದವನ ಹಾಗೆ ಕೂತಿದ್ದ.

ಮನೆಗೆ ಬಿಡುವಾಗ ಗಾರ್ಡನ್ ನನಗೆ ಹೇಳಿದ: ‘ಅಕ್ಕ, ನಾಳೆ ನೀವು ಜಲಪಾತ ನೋಡಿ ಬನ್ನಿ. ಸಾಕು ಇದು.’

ಸಾಕು ಎನ್ನಲು ನನಗಿಂತ ಹೆಚ್ಚು ಹಕ್ಕು ಯಾರಿಗೂ ಇರಲಿಲ್ಲ. ಆದರೂ ಬಾಯಿಂದ ಬಂದದ್ದು ಬೇರೆ. ‘ನಾಲ್ಕು ದಿನ ಒಗ್ಗರಣಿ ಇಲ್ದ ಉಂಡೇನಿ. ಅದನ್ನ ನೀರಾಗ ಹಾಕ್ಲೇನು? ನಾಳೆ ಬರಬೇಕು ಅಂತ ಹೇಳೋ ಅವಂಗ’ ಎಂದೆ. ಬಸು ಅದನ್ನು ಇಂಗ್ಲಿಷಿನಲ್ಲಿ ಏನು ಮಾಡಿ ಹೇಳಿದನೋ, ಮುದುಕ ನಕ್ಕು ತಲೆಯಾಡಿಸಿದ.

ಶನಿವಾರ, ಗೇಟಿನ ದಾರಿ

ಬೆಳಿಗ್ಗೆ ಏನೂ ಬರಲಿಲ್ಲ. ಮಧ್ಯಾಹ್ನ ಗಾರ್ಡನ್‌ನನ್ನು ಶೆಡ್ಡಿಗೆ ಕರೆತಂದು, ಬಿಸಿ ಕಾಫಿ ಕುಡಿಸಿ, ಮೂರೂವರೆಗೆ ಮತ್ತೆ ಹೊರಟೆವು. ಸೂರ್ಯ ಮುಳುಗಲು ಇನ್ನು ಒಂದೂಕಾಲು ತಾಸು. ಮಳೆ ನಿಂತು ಆಕಾಶ ತೊಳೆದ ಹಾಗಿತ್ತು. ಗಾರ್ಡನ್ ಪೆಂಡಿಯ ಮೇಲೆ ಜಾರಿದ. ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು, ಸದ್ದು ಮಾಡಲಿಲ್ಲ. ಬಸುವಿನ ಕಾಲು ಬ್ರೇಕಿಗೆ ಹೋಗಲಿಲ್ಲ.

‘ಮಾತಾಡ ಅಕ್ಕಾ’ ಎಂದ, ಮುಂದೆ ನೋಡುತ್ತಲೇ.

ಮಗ್ಗಿ ಬೇಡ, ಕವಾಯತು ಬೇಡ. ಇನ್ನೇನಿತ್ತು ನನ್ನಲ್ಲಿ? ಇದ್ದದ್ದು ಒಂದೇ ಒಂದು. ಅದೇ ಬಂತು.

‘ನಿನಗ ಈ ವಾರ ರಜಾ ಹೆಂಗ ಸಿಕ್ತೋ ಬಸು?’

‘ಆರ ತಿಂಗಳ ಮೊದ್ಲ ಬರದ ಕೊಟ್ಟಿದ್ದೆ.’

‘ನಿಮ್ಮ ಮಾಮಾ ಸತ್ತಾಗ ಎರಡ ದಿನದ್ದು ಬರದ ಕೊಡಾಕ ಪೆನ್ ಇರಲಿಲ್ಲೇನು?’

ಗಾಡಿ ಕುಲುಕಿತು. ಒಮ್ಮೆ ಬಾಯಿ ತೆರೆದ ಮೇಲೆ ನನಗೆ ನಿಲ್ಲಿಸಲಾಗಲಿಲ್ಲ. ಎಂಜಿನ್ನಿನ ಸದ್ದಿನ ಮೇಲೆ ಕೂಗಿದೆ. ಮಗನ ಹಾಗೆ ಸಾಕಿದರು ನಿನ್ನನ್ನು, ಪಾಸ್‌ಪೋರ್ಟಿಗೆ ಅಲೆದಾಡಿದವರು ಅವರು, ವಿಮಾನ ಹತ್ತಿಸಲು ಬೆಂಗಳೂರಿಗೆ ಬಂದವರು ಅವರು, ಹೆಗಲು ಕೊಡಲು ನೀನಿರಲಿಲ್ಲ, ಈಗ ಈ ಮುದುಕನಿಗೆ ಒಂದು ಜಿಂಕೆ ಸಿಗಲಿ ಎಂದು ಒಂದು ವಾರ ಕೊಟ್ಟಿದ್ದೀಯ, ಅದಕ್ಕೆ ನನ್ನನ್ನೂ ತೊಟ್ಟಿಯಲ್ಲಿ ಹಾಕಿಕೊಂಡು ತಿರುಗುತ್ತೀಯ. ಇನ್ನೂ ಏನೇನೋ ಅಂದೆ. ಎಲ್ಲವನ್ನೂ ಇಲ್ಲಿ ಬರೆಯಲಾರೆ.

‘ರಜಾದ್ದಲ್ಲ ಅಕ್ಕಾ’ ಎಂದು ಅವನೂ ಕೂಗಿದ. ಮುಖ ತಿರುಗಿಸಲಿಲ್ಲ. ‘ಅವಾಗ ನನ್ನ ಕೆಲಸದ ಪರ್ಮಿಟ್ ಮುಗದಿತ್ತು. ಹೊಸಾದ್ದು ಬಂದಿರಲಿಲ್ಲ. ಹೊರಗ ಹೋಗಿದ್ರ ತಿರುಗಿ ಒಳಗ ಬಿಡತಿರಲಿಲ್ಲ.’

‘ಅಲ್ಲೇ ಇರಾಕ ಪರ್ಮನೆಂಟ್ ಆತು ಅಂದಿದ್ಯಲ್ಲೋ. ಓಣಿಗೆಲ್ಲ ಫೇಡೆ ಹಂಚಿದ್ವಿ.’

‘ಸುಳ್ಳ ಹೇಳಿದ್ದೆ. ನೀವು ಫೇಡೆ ಹಂಚಿದ ಮ್ಯಾಲೆ ಖರೇ ಹೆಂಗ ಹೇಳಲಿ? ಆವತ್ತ ಫೋನ್ ಬಂದ ಕೂಡ್ಲೆ ಬ್ಯಾಗ್ ತುಂಬಿದೆ. ಏನಾರ ಆಗ್ಲಿ, ಹೋಗಿಬಿಡತೇನಿ ಅಂದೆ. ಗಾರ್ಡನ್ ಬಾಗಲದಾಗ ಕುರ್ಚಿ ಹಾಕ್ಕೊಂಡ ಅಡ್ಡ ಕುಂತ. ಹೋದ್ರ ನಿನ್ನ ಹೆಂಡ್ತಿನ್ನ ಕರಕೊಂಡ ಬರೂದು ಎಂದೂ ಆಗೂದಿಲ್ಲ ಅಂದ. ಮೂರ ದಿನಾ ನನ್ನ ಬಿಟ್ಟ ಏಳಲಿಲ್ಲ. ಅದು ಅವನ ಬೇಟಿ ವಾರ ಅಕ್ಕಾ. ನಲವತ್ತ ವರ್ಷದಾಗ, ಆಪರೇಷನ್ ಆದ ವರ್ಷ ಬಿಟ್ರ, ಅದೊಂದ ವರ್ಷ ಅವ ಇಲ್ಲಿಗೆ ಬರಲಿಲ್ಲ.’

ಒಂಬತ್ತು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎಂಜಿನ್ನಿನ ಸದ್ದು ಮಾತ್ರ ಉಳಿಯಿತು.

‘ಮಾತಾಡ ಅಕ್ಕಾ, ನಿಲ್ಲಸಬ್ಯಾಡ’ ಎಂದ ಬಸು. ದನಿ ಒಡೆದಿತ್ತು. ‘ಗೇಟ್ ಇನ್ನೂ ದೂರ ಐತಿ.’

ಅದಕ್ಕೆ ಮಾತಾಡಿದೆ. ಆ ದಿನದ್ದನ್ನೇ ಹೇಳಿದೆ, ಇಲ್ಲಿಯವರೆಗೆ ಅವನಿಗೆ ಹೇಳಿರದದ್ದನ್ನು. ಬೆಳಿಗ್ಗೆ ಚಹಾ ಕುಡಿದು, ವಾಕಿಂಗಿಗೆ ಹೋಗಲು ಬೂಟಿನ ಲೇಸು ಕಟ್ಟುತ್ತಿದ್ದವರು ಹಾಗೇ ಗೋಡೆಗೆ ಒರಗಿದ್ದು. ಎದೆ ಹಿಡಿದುಕೊಂಡು, ಏನೂ ಆಗಿಲ್ಲ, ಗ್ಯಾಸು ಎಂದದ್ದು. ಮೂಲೆಮನೆಯವರ ಆಟೊ ತರಿಸಿದ್ದು. ಆಟೊ ಚಾಲೂ ಆಗದೇ ಹೋದದ್ದು. ನಾನೂ ಆಟೊ ಓಡಿಸುವ ಹುಡುಗನೂ ಸೇರಿ ಇಳಿಜಾರಿನವರೆಗೆ ತಳ್ಳಿದ್ದು. ಎಲ್ಲವನ್ನೂ ಕೂಗಿ ಹೇಳಿದೆ, ಕೂಗದೆ ಅವನಿಗೆ ಕೇಳಿಸುತ್ತಿರಲಿಲ್ಲ. ಇಂಥದ್ದನ್ನು ಜನ ಪಕ್ಕ ಕೂತು ಮೆಲ್ಲಗೆ ಹೇಳುತ್ತಾರೆ. ನಾನು ಕಾಡಿಗೆಲ್ಲ ಕೇಳಿಸುವ ಹಾಗೆ ಹೇಳಿದೆ.

‘ನಾ ತಳ್ಳಾಕತ್ತಿದ್ದೆ ಬಸು. ಅವ್ರು ಒಳಗ ಕುಂತ ನಗಾಕತ್ತಿದ್ರು. ನಮ್ಮ ಬಸು ಇದ್ದಿದ್ರ ಒಂದ ನಿಮಿಷದಾಗ ಚಾಲೂ ಮಾಡ್ತಿದ್ದ ಅಂದ್ರು. ಅದ ಕಡೀ ಮಾತು. ಆಮ್ಯಾಲೆ ಮಾತಾಡಲಿಲ್ಲ.’

ಆಗ ಹಿಂದಿನಿಂದ ಗುಂಡಿನ ಸದ್ದು ಬಂತು. ಒಂದೇ ಒಂದು.

ಬಸು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಎರಡನೆಯ ಸದ್ದು ಬರುತ್ತದೋ ಎಂದು ಇಬ್ಬರೂ ಕಾದೆವು, ಬರಲಿಲ್ಲ. ‘ಬಿದ್ದೈತಿ’ ಎಂದ.

‘ಹಂಗಾರ ತಿರಗಸು, ಹೋಗೂಣು.’

‘ಗುಂಡ ಕೇಳಿದ ಮ್ಯಾಲೆ ಅರ್ಧ ತಾಸ ಬಿಟ್ಟ ಬರ್ರಿ ಅಂದಾನ. ಲಗೂನ ಹೋದ್ರ ಜೀವಾ ಹೋಗೂಮಟಾ ಅದು ಹೆದರಿ ಓಡತೈತಂತ.’ ಗಾಡಿಯಿಂದ ಇಳಿದು ಬಂದು ನನ್ನ ಎದುರಿಗೆ ತೊಟ್ಟಿಯ ಅಂಚಿನ ಮೇಲೆ ಕೂತ. ಅವನ ಗಡ್ಡ ತೊಯ್ದಿತ್ತು. ‘ಆಮ್ಯಾಲೆ ಏನಾತು ಹೇಳ’ ಎಂದ.

ಅರ್ಧ ತಾಸು ಹೇಳಿದೆ. ಈಗ ಕೂಗಬೇಕಾಗಿರಲಿಲ್ಲ. ಆಸ್ಪತ್ರೆಯ ಬಾಗಿಲಿನಿಂದ ಹಿಡಿದು ಹನ್ನೊಂದನೆಯ ದಿನದವರೆಗೆ, ಯಾರು ಬಂದರು, ಯಾರು ಏನಂದರು, ಊಟಕ್ಕೆ ಏನು ಮಾಡಿದ್ದರು ಎಲ್ಲ. ಬಸು ನಡುವೆ ಎರಡು ಸಲ ಅತ್ತ. ನಾನೂ ಅತ್ತೆ. ಚಳಿಗೆ ಕಣ್ಣೀರು ಕೆನ್ನೆಯ ಮೇಲೆ ಉರಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾವು ಹೋದಾಗ ಗಾರ್ಡನ್ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬಯಲಿನಾಚೆ ಒಂದು ದಿಮ್ಮಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಗಂಡು ಜಿಂಕೆ, ದೊಡ್ಡದು. ಮಲಗಿದ ಹಾಗಿತ್ತು. ಗೂಡಿನಿಂದ ಅಲ್ಲಿಯವರೆಗೆ ಅವನು ಹೇಗೆ ನಡೆದುಹೋದನೋ. ನಮ್ಮನ್ನು ನೋಡಿ ಮಗುವಿನ ಹಾಗೆ ನಕ್ಕ, ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ, ನನಗೆ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಹೇಳಿದ:

‘ನಿಮ್ಮ ದನಿ ಕೇಳುತ್ತಿರುವಾಗಲೇ ಹೊರಗೆ ಬಂತು. ಇಲ್ಲೇ ನಿಂತಿತು. ಕಿವಿ ಎತ್ತಿ, ನನ್ನ ತಲೆಯ ಮೇಲಿಂದ, ನಿಮ್ಮ ಕಡೆಗೇ ನೋಡುತ್ತಿತ್ತು. ಬಹಳ ಹೊತ್ತು ನಿಂತಿತ್ತು, ಅಕ್ಕ. ಇಷ್ಟು ವರ್ಷದಲ್ಲಿ ಜಿಂಕೆ ಹಾಗೆ ನಿಂತು ಕೇಳಿದ್ದನ್ನು ನಾನು ನೋಡಿಲ್ಲ.’

ಮುದುಕನಿಗೆ ಸಿಕ್ಕಿತಲ್ಲ ಎಂದು ಸಂತೋಷ ಇತ್ತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ಇದೂ ಇತ್ತು. ನಮ್ಮ ಮನೆಯವರ ಕಡೆಯ ಗಳಿಗೆಯ ಕತೆಯನ್ನು ಆ ಪ್ರಾಣಿ ಕಿವಿ ಎತ್ತಿ ಕೇಳುತ್ತ ನಿಂತಿತ್ತು, ಅದಕ್ಕೇ ಸತ್ತಿತು.

ಗಾರ್ಡನ್ ಚಾಕು ತೆಗೆದು ಮಾಡಬೇಕಾದ್ದನ್ನು ಮಾಡುವವರೆಗೆ ನಾನು ಅತ್ತ ಮುಖ ಮಾಡಿ ನಿಂತೆ. ಆಮೇಲೆ ಅದನ್ನು ಎತ್ತಬೇಕಿತ್ತು. ಗಾರ್ಡನ್‌ಗೆ ಬಗ್ಗಿ ಎದ್ದೇಳುವುದೇ ಕಷ್ಟ. ಬಸು ಮುಂಗಾಲು ಹಿಡಿದು ನನ್ನನ್ನು ನೋಡಿದ, ಕೇಳಲಿಲ್ಲ. ನಾನು ಕೈಗವಸು ತೆಗೆದೆ. ತೆಗೆಯದಿದ್ದರೆ ಜಾರುತ್ತಿತ್ತು. ಹಿಂಗಾಲುಗಳನ್ನು ಹಿಡಿದೆ. ಇನ್ನೂ ಬೆಚ್ಚಗಿದ್ದವು.

‘ತಪ್ಪಾತು’ ಎಂದೆ, ಮೆಲ್ಲಗೆ.

ಹೇಳಿದ್ದು ಜಿಂಕೆಗೆ. ಆ ತುದಿಯಲ್ಲಿ ಬಗ್ಗಿದ್ದ ಬಸು ತಲೆ ಎತ್ತಿ ನನ್ನನ್ನು ನೋಡಿ, ‘ಇರ್ಲಿ ಬಿಡ ಅಕ್ಕಾ’ ಎಂದ. ನಾನು ಅವನನ್ನು ತಿದ್ದಲಿಲ್ಲ. ಇಬ್ಬರೂ ಸೇರಿ ಎತ್ತಿದೆವು.